ನಮ್ಮ ಮನಿತನದಾಗ ಯಾರಿಗೂ ಇಲ್ರಿ

ಮುಂಡರಗಿ
೧೪ ಫೆಬ್ರುವರಿ ೧೯೭೮

ತೀರ್ಥರೂಪು ಅಪ್ಪನವರಿಗೆ ಮಗಳು ನೀಲಗಂಗವ್ವನ ಶರಣಾರ್ಥಿ.

ಎಲ್ಲರೂ ಕ್ಷೇಮ ಎಂದು ಬರೆದು ಮುಂದೆ ಹೋಗುವುದು ಪದ್ಧತಿ. ಈ ಸಲ ಆ ಸಾಲು ಬರೆಯಲು ಮನಸ್ಸಾಗಲಿಲ್ಲ. ಬೆಟಗೇರಿಯಿಂದ ಬಂದು ವಾರವಾಗುತ್ತ ಬಂತು, ಊಟ ಸೇರುತ್ತಿಲ್ಲ. ಒಲೆಯ ಮೇಲೆ ಒಣಮೆಣಸಿನಕಾಯಿ ಹುರಿದರೆ ಸಾಕು, ವಾಂತಿ ಮಾಡಲು ಹಿತ್ತಲಿಗೆ ಓಡುತ್ತೇನೆ. ಮಗಳು ಕಸ್ತೂರಿ "ಯವ್ವಾ, ಏನಾತು?" ಎಂದು ಬೆನ್ನು ತಿಕ್ಕುತ್ತಾಳೆ. ಏನಾಯಿತೆಂದು ಅವಳಿಗೆ ಯಾವ ಬಾಯಿಂದ ಹೇಳಲಿ?

ಶಿರಹಟ್ಟಿ ಕಡೆಯಿಂದ ನೀವು ಕರೆಸಿದ ಆ ಮಂತ್ರವಾದಿ ನನ್ನ ತಮ್ಮನನ್ನು ಕೋಣೆಯಲ್ಲಿ ಕೂಡಿಹಾಕಿ ಮೆಣಸಿನಕಾಯಿ ಹೊಗೆ ಹಾಕಿದ. ಎಲೆಯಡಿಕೆ ಅಗಿದು ಅವನ ಮುಖಕ್ಕೆ ಉಗಿದ. ಹುಣಸೆ ಬರಲಿನಿಂದ ಬೆನ್ನು ಬಾಸುಂಡೆ ಏಳುವಂತೆ ಹೊಡೆದ. ಕಾಲೇಜಿನಲ್ಲಿ ಲೆಕ್ಕಕ್ಕೆ ಮೊದಲಿಗನಾಗಿದ್ದ ಉಳವಪ್ಪ ಮೂಲೆಯಲ್ಲಿ ಮುದುಡಿ ಕುಳಿತು "ಇಲ್ರಿ, ನಾ ಏನೂ ಮಾಡಿಲ್ರಿ" ಎನ್ನುತ್ತಿದ್ದ. ಪಡಸಾಲೆಯಲ್ಲಿ ನಮ್ಮ ಬಂಧು ಬಳಗದವರು ಸಾಲಾಗಿ ಕುಳಿತು ಮಂಡಕ್ಕಿ ತಿನ್ನುತ್ತಿದ್ದರು. ಕಾಕಾ ಬಾಯಿ ತುಂಬ ಮಿರ್ಚಿ ಇಟ್ಟುಕೊಂಡು "ಇನ್ನೊಂದೆರಡ ಬಿಗೀರಿ, ಒಳಗ ಹೊಕ್ಕಾಕಿ ತಾನ ಮಾತಾಡ್ತಾಳ" ಎಂದರು. ಅವರ ಎಣ್ಣೆಗೈ ಒರೆಸಲು ಟವೆಲು ಕೊಟ್ಟವರು ನೀವು. ಇಂಥ ಹೇಸಿಗೆಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ನಾನು ಹಟ ಹಿಡಿದದ್ದಕ್ಕೆ ಧಾರವಾಡದ ಮಾನಸಿಕ ಆಸ್ಪತ್ರೆಗೆ ಹೋದೆವು. ಅಲ್ಲಿಯ ಡಾಕ್ಟರು ಉಳವಪ್ಪನನ್ನು ಕುರ್ಚಿಯ ಮೇಲೆ ಕೂಡಿಸಿ, ಅವನು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಓಣಿಯ ಜನ ತನ್ನ ಬಗ್ಗೆ ಮಾತಾಡುವುದು, ರೇಡಿಯೋದಲ್ಲಿ ತನ್ನ ಹೆಸರು ಬರುವುದು, ಅನ್ನದಲ್ಲಿ ವಿಷ ಹಾಕುವುದು, ಎಲ್ಲ. ಇದು ಮಿದುಳಿನ ರೋಗ, ಔಷಧವಿದೆ ಎಂದರು. ಆಮೇಲೆ ನಿಮ್ಮ ಕಡೆ ತಿರುಗಿ ಮನೆತನದಲ್ಲಿ ಮೊದಲು ಯಾರಿಗಾದರೂ ಹೀಗೆ ಆಗಿತ್ತೇ ಎಂದು ಕೇಳಿದರು. ನೀವು ರುಮಾಲು ಸರಿಮಾಡಿಕೊಂಡು ಏನು ಹೇಳಿದಿರಿ?

"ನಮ್ಮ ಮನಿತನದಾಗ ಯಾರಿಗೂ ಇಲ್ರಿ."

ಅಪ್ಪಾ, ಅವ್ವನ ಸ್ವಂತ ಅಣ್ಣ ಬಸಲಿಂಗ ಮಾವ ನಮ್ಮ ನೂಲಿನ ಕೋಣೆಯಲ್ಲಿ ಸತ್ತ. ಅವನನ್ನು ಕಟ್ಟುತ್ತಿದ್ದ ಕಬ್ಬಿಣದ ಬಳೆ ಇನ್ನೂ ಆ ಗೋಡೆಯಲ್ಲಿದೆ. ನೀವು ಅದಕ್ಕೆ ನೂಲಿನ ಲಡಿ ತೂಗುಹಾಕುತ್ತೀರಿ.

ಡಾಕ್ಟರು ಕೊಟ್ಟ ಗುಳಿಗೆಗಳನ್ನು ದೇವರ ಜಗುಲಿಯಲ್ಲಿ ವಿಭೂತಿಯ ಹಿಂದೆ ಇಟ್ಟಿದ್ದನ್ನು ನೋಡಿ ಬಂದಿದ್ದೇನೆ. ಗುಳಿಗೆಗೆ ಪೂಜೆ ಬೇಡ. ಅದು ಅವನ ಹೊಟ್ಟೆಗೆ ಹೋಗಬೇಕು.

ನಿಮ್ಮ ಮಗಳು
ನೀಲಗಂಗವ್ವ


ಬೆಟಗೇರಿ
೯ ಮಾರ್ಚ್ ೧೯೭೮

ಚಿ. ಸೌ. ನೀಲಗಂಗವ್ವಳಿಗೆ ತಂದೆ ಅಂದಪ್ಪನ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ನಿನಗೆ ಮುಲ್ಕಿ ಪರೀಕ್ಷೆ ಪಾಸು ಮಾಡಿಸಿದ್ದು ತಂದೆಗೆ ಹೀಗೆ ಬರೆಯಲಿ ಎಂದಲ್ಲ. ಇರಲಿ, ಹೆಣ್ಣು ಹೆತ್ತವನು ಹೊಟ್ಟೆಗೆ ಹಾಕಿಕೊಳ್ಳಬೇಕು.

ಉಳವಪ್ಪನಿಗೆ ಇದು ಎಲ್ಲಿಂದ ಬಂತೆಂದು ಹುಡುಕದೆ ನಾನು ಸುಮ್ಮನೆ ಕುಳಿತಿಲ್ಲ. ಹುಲಕೋಟಿಯಲ್ಲಿ ಓದುವಾಗ ಬಂಗಾರದಂಥ ಹುಡುಗ. ಗದಗಿನಲ್ಲಿ ಕಾಲೇಜಿಗೆ ಹೋದ ಮೇಲೆ ಓದು ತಲೆಗೇರಿತು ಎಂದುಕೊಂಡಿದ್ದೆ. ನಿನ್ನ ಕಾಕಾ ಮಾಟ ಎನ್ನುತ್ತಾನೆ. ಓಣಿಯ ಹೆಣ್ಣುಮಕ್ಕಳ ಮಾತು ಬೇರೆ. ಅವನು ಹೊಟ್ಟೆಯಲ್ಲಿದ್ದಾಗ ಗ್ರಹಣದ ಹೊತ್ತಿನಲ್ಲಿ ನಿನ್ನ ಅವ್ವ ಅಡಕೆ ಕತ್ತರಿಸಿದ್ದಳಂತೆ. ಕೇಳಿದರೆ ಅವಳು ತಾನೇ ಹೌದೆಂದು ಒಪ್ಪಿಕೊಂಡಳು. ಅಂದಿನಿಂದ ಸೋಮವಾರ ಒಪ್ಪತ್ತು, ಊಟವೂ ನೆಲಕ್ಕೆ ಬಡಿಸಿಕೊಂಡು. ತಪ್ಪು ಗೊತ್ತಾದ ಮೇಲೆ ಪರಿಹಾರವೂ ಸಿಕ್ಕೇ ಸಿಗುತ್ತದೆ.

ಬಸಲಿಂಗನಿಗೆ ಆದದ್ದು ರೋಗವಲ್ಲ, ಭಕ್ತಿ ಹೆಚ್ಚಾಗಿ ಹಾಗಾಯಿತು. ಇಂಥದ್ದನ್ನು ಕಾಗದದಲ್ಲಿ ಬರೆಯಬೇಡ. ಅಂಚೆಯವನಿಗೂ ಕಣ್ಣಿದೆ.

ಈಗ ಮುಖ್ಯ ಮಾತು. ಮದುವೆಯಾಗದೆ ಹುಚ್ಚು ಬಿಡದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಕಸ್ತೂರಿಗೆ ಹದಿನಾರು ತುಂಬಿದೆ, ಈ ತಿಂಗಳು ಹತ್ತನೆಯ ಇಯತ್ತೆಯ ಪರೀಕ್ಷೆಯೂ ಮುಗಿಯುತ್ತದೆ. ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು. ನಾನೂ ನನ್ನ ಅಕ್ಕನ ಮಗಳನ್ನೇ ಮಾಡಿಕೊಂಡೆ, ಅವಳೇ ನಿನ್ನ ಅವ್ವ. ನಮ್ಮ ಬಾವಿಗೆ ಹೊರಗಿನ ನೀರು ಬಂದಿಲ್ಲ. ಹೊರಗಿನ ಹುಡುಗಿಯನ್ನು ತಂದರೆ ನಾಳೆ ನಾಲ್ಕು ಜನರ ಬಾಯಿಗೆ ಬೀಳುತ್ತೇವೆ. ಮನೆಯ ಹುಡುಗಿಯಾದರೆ ಮನೆಯ ಮಾತು ಮನೆಯಲ್ಲೇ ಉಳಿಯುತ್ತದೆ. ಚನ್ನಬಸವಣ್ಣನವರು ಗದಗಿಗೆ ಬಂದಾಗ ಕಿವಿಗೆ ಹಾಕಿದ್ದೇನೆ. ನಿನ್ನ ಗಂಡ ತಿಳಿದವರು, ಬೇಡ ಎನ್ನಲಿಲ್ಲ. ಬಸವ ಜಯಂತಿ ಕಳೆದ ಮೇಲೆ ಒಳ್ಳೆಯ ದಿನ ನೋಡಿಸುತ್ತೇನೆ.

ನಿನ್ನ ತಂದೆ
ಅಂದಪ್ಪ


ಮುಂಡರಗಿ
೧೭ ಮಾರ್ಚ್ ೧೯೭೮

ಅಪ್ಪನವರಿಗೆ,

ನಿಮ್ಮ ಕಾಗದವನ್ನು ಓದಿ ಮುಗಿಸಿ ಕೈ ತೊಳೆದುಕೊಂಡೆ. ಸುಳ್ಳಲ್ಲ, ಸಾಬೂನು ಹಚ್ಚಿ ತೊಳೆದೆ.

ಗಾದೆಯನ್ನು ಅರ್ಧಕ್ಕೇ ನಿಲ್ಲಿಸಿದ್ದೀರಿ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಯಾರೋ ನಗಿಸಲು ಕಟ್ಟಿದ ಮಾತನ್ನು ನೀವು ಡಾಕ್ಟರ ಚೀಟಿ ಮಾಡಿಕೊಂಡಿದ್ದೀರಿ. ಧಾರವಾಡದ ಗುಳಿಗೆ ಜಗುಲಿಯ ಮೇಲೆ, ನನ್ನ ಮಗಳು ಅದರ ಬದಲಿಗೆ!

ಮದುವೆ ಎಂಬ ಈ ಔಷಧವನ್ನು ನಮ್ಮ ಮನೆ ಒಮ್ಮೆ ಕುಡಿದು ನೋಡಿದೆಯಲ್ಲ? ಬಸಲಿಂಗ ಮಾವನಿಗೂ ಇದನ್ನೇ ಮಾಡಿದಿರಿ. ಫಕೀರವ್ವ ಅತ್ತೆಯನ್ನು ಲಕ್ಷ್ಮೇಶ್ವರದ ಆಚೆಯ ಹಳ್ಳಿಯಿಂದ ಹದಿಮೂರನೆಯ ವಯಸ್ಸಿಗೆ ತಂದಿರಿ. ಹುಡುಗ ಬಹಳ ಶಾಂತ ಸ್ವಭಾವದವನು ಎಂದು ಅವಳ ತಂದೆಗೆ ಹೇಳಿದ್ದಿರಂತೆ. ಅವಳ ಎಡಗೈ ಇಂದಿಗೂ ನೆಟ್ಟಗಾಗುವುದಿಲ್ಲ. ಹುಚ್ಚ ಮುರಿದ ಎಂದು ಊರಿಗೆ ಹೇಳಿದಿರಿ. ನಾನು ಆಗ ಚಿಕ್ಕವಳು, ಬಾಗಿಲ ಹಿಂದೆ ನಿಂತು ನೋಡಿದ್ದೇನೆ. ಮಾವ ಅವಳ ಮೈ ಮುಟ್ಟಲಿಲ್ಲ. ಅವಳು ಅವನ ಹಗ್ಗ ಬಿಚ್ಚಲು ಹೋದಳು, ಕಟ್ಟುತ್ತಿದ್ದ ಗಂಡಸರು ಅವಳ ಕೈ ತಿರುವಿದರು. ಅವರಲ್ಲಿ ನೀವೂ ಇದ್ದಿರಿ.

ಅಂದಿನಿಂದ ಅವಳು ನಮ್ಮ ಮನೆಯಲ್ಲಿ ಎರಡು ರೊಟ್ಟಿ ತಿಂದು ಒಂದೇ ಕೈಯಿಂದ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕುಳಿತಿದ್ದಾಳೆ. ಈ ಸಲ ಬಂದಾಗ ಅವಳ ಹತ್ತಿರ ಕುಳಿತು "ಅತ್ತಿ, ಮದಿವಿ ಆದಮ್ಯಾಲೆ ಮಾವಗ ಕಡಿಮಿ ಆಗಿತ್ತೇನ?" ಎಂದು ಕೇಳಿದೆ. ರಾಟೆ ನಿಲ್ಲಿಸದೆ ಹೇಳಿದಳು: "ಅವಗೇನ ಕಡಿಮಿ ಆತೋ ನಾ ಕಾಣೆ. ನಾ ಅಂತೂ ಇಷ್ಟ ಉಳದೀನಿ ನೋಡವಾ."

ಅವ್ವ ನೆಲಕ್ಕೆ ಬಡಿಸಿಕೊಂಡು ಉಣ್ಣುತ್ತಿದ್ದಾಳೆ ಎಂದು ನೀವು ಬೆಲ್ಲದ ಧಾರಣೆ ಬರೆದಂತೆ ಬರೆದಿದ್ದೀರಿ. ಇಪ್ಪತ್ತೊಂದು ವರ್ಷದ ಹಿಂದೆ ಕತ್ತರಿಸಿದ ಒಂದು ಅಡಕೆಗೆ! ನಿಮ್ಮ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದೆ, ಅವಳ ಎಲೆಯ ನೊಣ ಓಡಿಸುತ್ತಿದ್ದೀರಿ. ಮಾವನಿಗೆ ಬಂದದ್ದು, ಅದೇ ರಕ್ತದ ಉಳವಪ್ಪನಿಗೂ ಬಂದಿದೆ. ನನಗೆ ಡಾಕ್ಟರಷ್ಟು ತಿಳಿಯುವುದಿಲ್ಲ, ಆದರೆ ಅದೇ ಬಾವಿಗೆ ಮತ್ತೊಂದು ಸಲ ಅದೇ ನೀರು ಹಾಕುವುದು ಔಷಧವಲ್ಲ ಎಂಬಷ್ಟು ತಿಳಿಯುತ್ತದೆ.

ನಮ್ಮ ಯಜಮಾನರು ಹಿಟ್ಟಿನ ಗಿರಣಿಯಿಂದ ಬಂದು ಮೀಸೆಯ ಹಿಟ್ಟು ಕೂಡ ಒರೆಸಿಕೊಳ್ಳದೆ "ನಿನ್ನ ತವರಮನ್ಯಾಗ ಕೇಳಿದ್ರ ಇಲ್ಲ ಅನ್ನಾಕ ಆಗ್ತೈತೇನ?" ಎಂದರು. ಆಗುತ್ತದೆ ಎಂದೆ. ನಿಮಗೂ ಅದನ್ನೇ ಬರೆಯುತ್ತಿದ್ದೇನೆ. ಕಸ್ತೂರಿಯನ್ನು ಕೊಡುವುದಿಲ್ಲ.

ನೀಲಗಂಗವ್ವ


ಬೆಟಗೇರಿ
೨೧ ಮೇ ೧೯೭೮

ಅಕ್ಕನಿಗೆ ತಮ್ಮ ಉಳವಪ್ಪನ ನಮಸ್ಕಾರ.

ಅವ್ವ ಹೇಳುತ್ತಾಳೆ, ನಾನು ಬರೆಯುತ್ತೇನೆ, ಮೊದಲಿನಂತೆ. ಅಕ್ಷರ ಅಂಕುಡೊಂಕಾಗಿದ್ದರೆ ಬೈಯಬೇಡ. ಗುಳಿಗೆಯಿಂದ ಕೈ ಸ್ವಲ್ಪ ನಡುಗುತ್ತದೆ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ.

"ನೀಲವ್ವಾ, ನನ್ನ ಮ್ಯಾಲೆ ಸಿಟ್ಟ ಮಾಡಬ್ಯಾಡ. ನಿಮ್ಮಪ್ಪನಂಗ ಹಕ್ಕ ಅಂತ ನಾ ಕೇಳಂಗಿಲ್ಲ. ನಾ ಸತ್ತಮ್ಯಾಲೆ ಇವಗ ಒಂದ ತುತ್ತ ಕಲಸಿ ಕೊಡೋರ ಯಾರವಾ? ಹೊರಗಿನಾಕಿ ಬಂದ್ರ ಹೇಸಿಕೊಂತಾಳ. ಕಸ್ತೂರಿ ಮಾವನ ಹೆಗಲ ಮ್ಯಾಲೆ ಬೆಳದಾಕಿ, ಹೇಸಿಕೊಳ್ಳಂಗಿಲ್ಲ. ತಪ್ಪ ಮಾಡಿದ ಕೈ ನಂದ. ಅದನ್ನ ನಿನ್ನ ಮಗಳ ಕೈಲೆ ತೊಳಿಸಾಕ ಹತ್ತೀನಿ ಅಂತ ಅನಬ್ಯಾಡ. ನನಗ ಬ್ಯಾರೆ ದಾರಿ ಕಾಣವಲ್ದು. ಇಷ್ಟ ಬರಿಯಪಾ, ಸಾಕು."

ಅವ್ವ ಹೇಳುವುದು ಮುಗಿಯಿತು. ಇನ್ನು ನನ್ನದು. ಅವಳು ಇನ್ನೂ ಮಗ್ಗುಲಲ್ಲೇ ಕುಳಿತಿದ್ದಾಳೆ, "ನಾ ಹೇಳಿದ್ದ ಇಷ್ಟುದ್ದ ಇತ್ತೇನ?" ಎನ್ನುತ್ತಾಳೆ. ಹೌದವಾ ಎಂದೆ.

ಅಕ್ಕಾ, ಅಪ್ಪ ಗುಳಿಗೆ ಕೊಡಲಿಲ್ಲ. ನಮ್ಮ ನೂಲಿಗೆ ಬಣ್ಣ ಹಾಕುವ ಬುಡ್ಡೇಸಾಬ ನನ್ನ ಶಾಲೆಯ ಗೆಳೆಯ, ನಿನಗೆ ಗೊತ್ತು. ಬಣ್ಣ ತರಲು ಹುಬ್ಬಳ್ಳಿಗೆ ಹೋಗುತ್ತೇವೆ ಎಂದು ಹೇಳಿ ಅವನು ನನ್ನನ್ನು ಧಾರವಾಡಕ್ಕೆ ಕರೆದುಕೊಂಡು ಹೋಗಿ ಮತ್ತೆ ಗುಳಿಗೆ ಕೊಡಿಸಿದ. ನಾನು ಡಾಕ್ಟರಿಗೆ ಬಸಲಿಂಗ ಮಾವನ ವಿಷಯ ಹೇಳಿದೆ, ಅಪ್ಪ ಅವ್ವನಿಗೆ ಸೋದರಮಾವನೇ ಆಗಬೇಕೆಂಬುದನ್ನೂ ಹೇಳಿದೆ. ನನಗೆ ಇದು ಎಲ್ಲಿಂದ ಬಂತೆಂದು ಕೇಳಿದೆ. ಅವರು ಹೇಳಿದ್ದು ಹೀಗೆ. ಇದಕ್ಕೆ ಒಂದೇ ಕಾರಣ ಎಂದು ಯಾರಾದರೂ ಹೇಳಿದರೆ ನಂಬಬೇಡ. ಸ್ವಲ್ಪ ರಕ್ತದಲ್ಲಿ ಬರಬಹುದು. ಬಂದವರಿಗೆಲ್ಲ ಹೀಗಾಗುವುದಿಲ್ಲ, ಹೀಗಾದವರಿಗೆಲ್ಲ ರಕ್ತದಿಂದಲೇ ಬಂದಿರುವುದಿಲ್ಲ. ಉಳಿದದ್ದು ನಮಗೂ ಪೂರ್ತಿ ಗೊತ್ತಿಲ್ಲ. ಆದರೆ ಇದು ನಿನ್ನ ತಪ್ಪಲ್ಲ, ನಿನ್ನ ತಾಯಿಯ ತಪ್ಪಂತೂ ಅಲ್ಲ. ಅಷ್ಟು ಹೇಳಿ, ಇನ್ನು ಮುಂದೆ ಹತ್ತಿರದ ಸಂಬಂಧದಲ್ಲಿ ಮದುವೆ ಬೇಡ ಎಂದರು.

ಮನೆಗೆ ಬಂದು ಇದನ್ನು ಹೇಳಿದರೆ ಯಾರಿಗೂ ರುಚಿಸಲಿಲ್ಲ. ಯಾರ ಮೇಲೂ ತಪ್ಪು ಹೊರಿಸದ ಕಾರಣವು ಇವರಿಗೆ ಕಾರಣವೇ ಅಲ್ಲ.

ಆ ದನಿಗಳ ಬಗ್ಗೆ ನೀನು ಎಂದೂ ಕೇಳಲಿಲ್ಲ, ನಾನು ನೊಂದುಕೊಂಡೇನೆಂದು ಇರಬೇಕು. ಅವು ತಲೆಯೊಳಗೆ ಕೇಳುವುದಿಲ್ಲ ಅಕ್ಕಾ. ಹೊರಗೆ, ಕಿಟಕಿಯ ಆಚೆ, ಗುರುತಿನವರ ದನಿಯಲ್ಲೇ ಕೇಳುತ್ತವೆ. "ನೋಡ, ಅಂದಪ್ಪನ ಮಗಾ ಕುಂತಾನ" ಎನ್ನುತ್ತವೆ. ಕಿಟಕಿ ತೆರೆದರೆ ಓಣಿ ಖಾಲಿ. ಕಿವಿಯನ್ನು ನಂಬಬೇಕೋ ಕಣ್ಣನ್ನೋ? ನಾನು ಕಿವಿಯನ್ನು ನಂಬಿದೆ. ನೀನಾಗಿದ್ದರೂ ನಂಬುತ್ತಿದ್ದೆ. ಈಗ ಗುಳಿಗೆ ತೆಗೆದುಕೊಂಡ ಮೇಲೆ ಅವು ಇವೆ, ಆದರೆ ಎರಡು ಓಣಿ ಆಚೆ ಹೋಗಿವೆ. ನಾಲಿಗೆ ಒಣಗುತ್ತದೆ, ನಿದ್ದೆ ಬಹಳ. ಪರವಾಗಿಲ್ಲ.

ಕಸ್ತೂರಿಯನ್ನು ಕೊಡಬೇಡ. ಅವ್ವ ಹೇಳಿದ್ದನ್ನೂ ಇದನ್ನೂ ಒಂದೇ ಕೈ ಬರೆದಿದೆ. ನೀನು ಇದನ್ನು ಇಟ್ಟುಕೊ, ಅದನ್ನು ಬಿಡು.

ಉಳವಪ್ಪ


ಮುಂಡರಗಿ
೨ ಜೂನ್ ೧೯೭೮

ಅವ್ವನಿಗೆ ನೀಲವ್ವನ ಶರಣಾರ್ಥಿ.

ಈ ಕಾಗದವನ್ನು ನಿನಗೆ ಓದಿ ಹೇಳುವವನು ಯಾರೆಂದು ನನಗೆ ಗೊತ್ತು. ಅವನ ಮುಂದೆ ಮುಚ್ಚಿಟ್ಟು ಬರೆಯುವುದು ನನಗೆ ಬರುವುದಿಲ್ಲ. ತಮ್ಮಾ, ಒಂದು ಅಕ್ಷರವನ್ನೂ ಬಿಡದೆ ಓದು.

ಅವ್ವಾ, ತಾಟಿನಲ್ಲಿ ಬಡಿಸಿಕೊಂಡು ಉಣ್ಣು. ಗ್ರಹಣದಲ್ಲಿ ಅಡಕೆ ಕತ್ತರಿಸಿದ ಹೆಂಗಸರು ಮುಂಡರಗಿಯಲ್ಲೂ ಬೇಕಾದಷ್ಟಿದ್ದಾರೆ. ಅವರ ಮಕ್ಕಳು ನಮ್ಮ ಗಿರಣಿಯ ಕಟ್ಟೆಯ ಮೇಲೆ ಕುಳಿತು ಇಸ್ಪೀಟು ಆಡುತ್ತ ಚೆನ್ನಾಗಿಯೇ ಇದ್ದಾರೆ. ನೀನು ಒಪ್ಪಿಕೊಂಡೆ ಎಂದು ಅದು ಖರೆ ಆಗುವುದಿಲ್ಲ. ಎಲ್ಲರೂ ಸೇರಿ ಬೆರಳು ತೋರಿಸಿದರೆ ಯಾರಾದರೂ ಒಪ್ಪಿಕೊಳ್ಳುತ್ತಾರೆ. ನಿನ್ನ ಸುತ್ತ ಕುಳಿತು ನಿನ್ನಿಂದ ಹೌದು ಅನ್ನಿಸಿದ ಆ ಹೆಂಗಸರನ್ನು ನೆನೆದರೆ ನನ್ನ ಬಾಯಲ್ಲಿ ಕಹಿ ನೀರು ಬರುತ್ತದೆ.

ನಿನ್ನ ಮಾತನ್ನು ಕಸ್ತೂರಿಗೂ ಓದಿ ಹೇಳಿದೆ. ಅವಳಿಂದ ಏಕೆ ಮುಚ್ಚಬೇಕು? ಎಲ್ಲ ಕೇಳಿ "ಮಾವನ್ನ ನಾ ನೋಡಿಕೊಂತೀನಿ ಯವ್ವಾ. ಅದಕ್ಕ ಮದಿವಿ ಯಾಕ ಬೇಕು?" ಎಂದಳು. ಇಷ್ಟು ಹಿರಿಯರಿಗೆ ಹೊಳೆಯದ್ದು ಅವಳಿಗೆ ಹೊಳೆಯಿತು.

ನಿನ್ನ ಅಂಜಿಕೆ ಸುಳ್ಳಲ್ಲ, ಅದನ್ನು ನಾನು ತೆಗೆದುಹಾಕುವುದಿಲ್ಲ. ನೀನು ಇಲ್ಲದ ದಿನ ಉಳವಪ್ಪ ನನ್ನ ಮನೆಯಲ್ಲಿ ಉಣ್ಣುತ್ತಾನೆ. ನನ್ನ ತಮ್ಮನಾಗಿ ಉಣ್ಣುತ್ತಾನೆ, ಅಳಿಯನಾಗಿ ಅಲ್ಲ. ಇದು ನನ್ನ ಮಾತು. ಈಗಲೇ ಕಳಿಸಿದರೂ ಆಯಿತು.

ತಮ್ಮಾ, ಓದುವಾಗ ನಾಲಿಗೆ ಒಣಗಿದರೆ ನೀರು ಕುಡಿದು ಮುಂದೆ ಓದು.

ನೀಲವ್ವ


ಬೆಟಗೇರಿ
೨೬ ಆಗಸ್ಟ್ ೧೯೭೮

ಚಿ. ಸೌ. ನೀಲಗಂಗವ್ವಳಿಗೆ ಆಶೀರ್ವಾದ.

ಧಾರವಾಡದ ಕಳ್ಳ ಪ್ರಯಾಣ ನನಗೆ ತಿಳಿಯಿತು. ಬುಡ್ಡೇಸಾಬನಿಗೆ ನಮ್ಮ ಬಣ್ಣದ ಕೆಲಸ ನಿಲ್ಲಿಸಿದ್ದೇನೆ. ಆದರೂ ಆದದ್ದೆಲ್ಲ ಒಳ್ಳೆಯದಕ್ಕೆ. ಹುಡುಗ ಈಗ ನಾಲ್ಕು ಜನರ ನಡುವೆ ಕುಳಿತರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕಾರ್ಯ ಮುಗಿಸಲು ಇದೇ ಸರಿಯಾದ ಹೊತ್ತು.

ನೀನು ಕೊಡದಿದ್ದರೆ ಜಗತ್ತಿನಲ್ಲಿ ಹೆಣ್ಣಿಗೆ ಬರವಿಲ್ಲ. ಅಡರಕಟ್ಟಿಯ ರಾಮಪ್ಪನ ಮಗಳು ಅನ್ನಪೂರ್ಣವ್ವ, ಹದಿನೆಂಟು ವರ್ಷ, ಹೊಲ ಮನೆ ಕೆಲಸದಲ್ಲಿ ಗಟ್ಟಿ. ಹೋದ ವಾರ ಹುಡುಗನನ್ನು ಕರೆದುಕೊಂಡು ಹೋಗಿ ನೋಡಿ ಬಂದೆವು. ರಾಮಪ್ಪ ಸಾದಾ ಮನುಷ್ಯ. ಮನೆತನದ ಬಗ್ಗೆ ಕೇಳಿದ, ಹೇಳುವುದನ್ನು ಹೇಳಿದೆ. ಉಳವಪ್ಪ ಬಾಯಿ ತೆರೆಯಲು ಹೋದ, ಹುಡುಗನಿಗೆ ನಾಚಿಕೆ ಬಹಳ ಎಂದು ನಿನ್ನ ಕಾಕಾ ಮಾತು ತೇಲಿಸಿದ. ಮಹಾನವಮಿಗೆ ಮೊದಲು ನಿಶ್ಚಯ ಕಾರ್ಯ.

ಹುಡುಗಿಗೆ ಉಡಿ ತುಂಬುವುದು ಅಕ್ಕನ ಕೆಲಸ. ನೀನು ಬರದಿದ್ದರೆ ಅವರು ಯಾಕೆಂದು ಕೇಳುತ್ತಾರೆ. ಬಾ, ಉಡಿ ತುಂಬು, ಊಟ ಮಾಡು, ಬಾಯಿ ಹೊಲಿದುಕೊಂಡು ಹೋಗು. ನಿನ್ನ ಮಗಳು ಪಾರಾದಳಲ್ಲ, ಇನ್ನು ನಿನಗೇನು ಕಷ್ಟ?

ಅಂದಪ್ಪ


ಮುಂಡರಗಿ
೪ ಸೆಪ್ಟೆಂಬರ್ ೧೯೭೮
(ಕಾರ್ಡು)

ಅಡರಕಟ್ಟಿಯ ರಾಮಪ್ಪನವರಿಗೆ ಶರಣಾರ್ಥಿ.

ನೀವು ಹೆಣ್ಣು ಕೊಡಬೇಕೆಂದಿರುವ ಬೆಟಗೇರಿಯ ಉಳವಪ್ಪ ನನ್ನ ಒಡಹುಟ್ಟಿದ ತಮ್ಮ. ಅವನು ಕೆಟ್ಟವನಲ್ಲ, ಜಾಣ, ಮೆತ್ತಗಿನ ಮನಸ್ಸಿನವನು. ಅವನಿಗೆ ತಲೆಯ ರೋಗವಿದೆ. ಇಲ್ಲದ ದನಿಗಳು ಕೇಳಿಸುತ್ತವೆ. ಧಾರವಾಡದ ಔಷಧ ನಡೆದಿದೆ, ಅದು ಇರುವ ತನಕ ಹಗುರಾಗಿರುತ್ತಾನೆ. ನಮ್ಮ ಸೋದರಮಾವನಿಗೂ ಇದು ಇತ್ತು. ನಮ್ಮ ತಂದೆ ಇದನ್ನು ನಿಮಗೆ ಹೇಳಿಲ್ಲ.

ಎಲ್ಲ ತಿಳಿದು ನೀವೂ ನಿಮ್ಮ ಮಗಳೂ ಒಪ್ಪಿದರೆ, ನಾನೇ ಬಂದು ಸಂತೋಷದಿಂದ ಅವಳ ಉಡಿ ತುಂಬುತ್ತೇನೆ. ತಿಳಿಯದೆ ಕೊಡಬೇಡಿ. ಲಕೋಟೆಯಲ್ಲಿ ಹಾಕದೆ ಬೇಕೆಂದೇ ಕಾರ್ಡು ಬರೆದಿದ್ದೇನೆ, ಓದಬೇಕಾದವರೆಲ್ಲ ಓದಲಿ. ಮುಂಡರಗಿಗೆ ಬಂದು ಹಿಟ್ಟಿನ ಗಿರಣಿ ಎಲ್ಲಿ ಎಂದು ಕೇಳಿದರೆ ನಾನು ಸಿಗುತ್ತೇನೆ.

ನೀಲಗಂಗವ್ವ, ಗಂಡ ಚನ್ನಬಸವಣ್ಣ


ಬೆಟಗೇರಿ
೨೩ ಸೆಪ್ಟೆಂಬರ್ ೧೯೭೮

ನೀಲಗಂಗವ್ವ,

ಆಶೀರ್ವಾದದ ಸಾಲು ನಿನಗೆ ಇನ್ನಿಲ್ಲ.

ರಾಮಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ನಿಂತು ನಿನ್ನ ಕಾರ್ಡನ್ನು ಓಣಿಗೆ ಕೇಳುವಂತೆ ಓದಿಸಿದ. ಒಂದು ಸಾಲದೆಂದು ಎರಡು ಕಾರ್ಡು ಬರೆದೆಯಂತೆ. ಒಂದರಲ್ಲಿ ನಿನ್ನ ಹೆಸರು, ಇನ್ನೊಂದರಲ್ಲಿ ನಿನ್ನ ತಮ್ಮನ ಹೆಸರು ಹಾಕಿ! ಹೆತ್ತ ಮನೆಯ ಹೊಲಸನ್ನು ಬೀದಿಗೆ ಎಳೆದ ಮಗಳು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ನಿನ್ನ ಅವ್ವ ಮೂಲೆ ಹಿಡಿದಿದ್ದಾಳೆ. ತವರಿನ ಬಾಗಿಲು ನಿನಗೆ ಮುಚ್ಚಿತು. ನಾನು ಸತ್ತ ಸುದ್ದಿ ಬಂದರೂ ಬರಬೇಡ.

ಅಂದಪ್ಪ


ಬೆಟಗೇರಿ
೮ ಡಿಸೆಂಬರ್ ೧೯೭೮

ಅಕ್ಕನಿಗೆ,

ದಸರೆಗೂ ದೀಪಾವಳಿಗೂ ನಿನ್ನ ಕಾಗದ ಬರಲಿಲ್ಲ. ಬಂದಿದ್ದರೂ ನನ್ನ ಕೈ ಸೇರಲಿಲ್ಲ ಎಂದುಕೊಂಡಿದ್ದೇನೆ.

ರಾಮಪ್ಪನಿಗೆ ಹೋದ ಇನ್ನೊಂದು ಕಾರ್ಡು ನನ್ನದು. ಅಪ್ಪ ಈಗಲೂ ಅದನ್ನು ನಂಬುವುದಿಲ್ಲ. ಅಡರಕಟ್ಟಿಗೆ ಹೋದ ದಿನ ಆ ಹುಡುಗಿ ತಾಟಿನಲ್ಲಿ ಅವಲಕ್ಕಿ ತಂದಿಟ್ಟು ನನ್ನ ಕಡೆ ಒಮ್ಮೆ ನೋಡಿದಳು. ಹೆದರಿಕೆಯಿಂದ ನೋಡಲಿಲ್ಲ, ಎಲ್ಲರನ್ನೂ ನೋಡುವ ಹಾಗೆ ನೋಡಿದಳು. ಎಷ್ಟೋ ದಿನಗಳಿಂದ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಒಂದು ಗಳಿಗೆ ನನಗೂ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಮನೆಗೆ ಬಂದೆ. ಫಕೀರವ್ವ ಅತ್ತೆ ನೂಲಿನ ಕೋಣೆಯಲ್ಲಿ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ಮರುದಿನವೇ ಕಾರ್ಡು ಬರೆದು ಹಾಕಿದೆ. "ನನಗೆ ತಲೆಯ ರೋಗವಿದೆ, ನಿಮಗೆ ಸುಳ್ಳು ಹೇಳಿದ್ದಾರೆ, ನಿಮ್ಮ ಮಗಳನ್ನು ಕೊಡಬೇಡಿ" ಎಂದು ಬರೆದು ಸಹಿ ಮಾಡಿದೆ.

ಮುಂದಿನದು ಕೇಳು, ನಗು ಬಂದರೆ ನಗು. ಲಕ್ಷ್ಮೇಶ್ವರದ ಸಂತೆಯಲ್ಲಿ ಬುಡ್ಡೇಸಾಬನಿಗೆ ರಾಮಪ್ಪನೇ ಸಿಕ್ಕು ಹೇಳಿದನಂತೆ. ನನ್ನ ಕಾರ್ಡು ನಿನ್ನದಕ್ಕಿಂತ ಮೊದಲೇ ಮುಟ್ಟಿತ್ತು. ಊರ ಹಿರಿಯರನ್ನು ಕೂಡಿಸಿ ಓದಿಸಿದರಂತೆ. "ಹುಚ್ಚ ತಾ ಹುಚ್ಚ ಅಂತ ಬರೀತಾನೇನ್ರಿ? ಇಷ್ಟ ನೆಟ್ಟಗ ಬರದಾನಂದ್ರ ಶ್ಯಾಣ್ಯಾನ ಅದಾನ. ಯಾರೋ ಆಗದವ್ರು ಹುಡುಗನ ಹೆಸರಲೆ ಬರದಾರ" ಎಂದು ತೀರ್ಮಾನವಾಯಿತು. ರಾಮಪ್ಪ ಸೀರೆ ತರಲು ಗದಗಿಗೆ ಹೊರಟೂ ಬಿಟ್ಟಿದ್ದ. ಆಮೇಲೆ ನಿನ್ನ ಕಾರ್ಡು ಬಂತು.

ಡಾಕ್ಟರ ಮುಂದೆ ಅಪ್ಪ ಸುಳ್ಳು ಹೇಳಿದ, ನಂಬಿದರು. ನಾನು ಖರೆ ಬರೆದೆ, ನಂಬಲಿಲ್ಲ. ದನಿಗಳಿಗಿಂತ ಇದು ನನ್ನನ್ನು ಹೆಚ್ಚು ಹಿಂಡಿತು ಅಕ್ಕಾ. ರೋಗ ನನ್ನದು, ಅದರ ಬಗ್ಗೆ ಮಾತಾಡುವ ಹಕ್ಕು ಮಾತ್ರ ಊರಿನವರೆಲ್ಲರದೂ.

ಗುಳಿಗೆ ತಪ್ಪಿಸಿಲ್ಲ. ಬುಡ್ಡೇಸಾಬ ತಂದುಕೊಡುತ್ತಾನೆ, ಅತ್ತೆ ಅವನ್ನು ಕಂಡಿಕೆ ಬುಟ್ಟಿಯ ತಳದಲ್ಲಿ ಇಟ್ಟು ರೊಟ್ಟಿಯ ಜೊತೆ ಕೊಡುತ್ತಾಳೆ. ಅವ್ವ ಈಗ ತಾಟಿನಲ್ಲಿ ಉಣ್ಣುತ್ತಾಳೆ, ಅಪ್ಪ ಮನೆಯಲ್ಲಿ ಇಲ್ಲದ ದಿನ ಮಾತ್ರ. ಗೋಡೆಯ ಆ ಬಳೆಯನ್ನು ಕೀಳಲು ಹೋಗಿದ್ದೆ. "ಲಡಿ ಎಲ್ಲಿ ಹಾಕಬೇಕಲೇ?" ಎಂದು ಅಪ್ಪ ಸುತ್ತಿಗೆ ಕಸಿದುಕೊಂಡ.

ಅವನು ಸುಮ್ಮನಾಗಿಲ್ಲ. ಈ ಕಡೆ ಹೆಸರು ಕೆಟ್ಟಿತೆಂದು ಈಗ ದೂರ ಹುಡುಕುತ್ತಿದ್ದಾನೆ. ಕಾಕಾ ಮೊನ್ನೆ ಕೊಪ್ಪಳದ ಆಚೆ ಎಲ್ಲಿಗೋ ಹೋಗಿ ಬಂದ. ಬಂದವನು ಹೊಸ ಅಂಗಿ ಹೊಲಿಸಲು ನನ್ನ ಅಳತೆ ತೆಗೆಸಿದ.

ಅಕ್ಕಾ, ಇಷ್ಟು ವರ್ಷ ನೀನು ಈ ಮನೆಗೆ ಬರೆದ ಕಾಗದಗಳೆಲ್ಲ ಅಪ್ಪನ ಹೆಸರಿಗೆ, ಇಲ್ಲವೆ ಅವ್ವನ ಹೆಸರಿಗೆ. ನನ್ನ ವಿಷಯವೇ ಇರುತ್ತಿತ್ತು, ನನಗೆ ಇರುತ್ತಿರಲಿಲ್ಲ. ಒಮ್ಮೆ ನನ್ನ ಹೆಸರಿಗೆ ಬರೆ. ಬುಡ್ಡೇಸಾಬನ ಮನೆಯ ವಿಳಾಸಕ್ಕೆ ಹಾಕು.

ಉಳವಪ್ಪ


ಮುಂಡರಗಿ
೩ ಜನವರಿ ೧೯೭೯

ಪ್ರೀತಿಯ ಉಳವಪ್ಪನಿಗೆ,

ನಿನ್ನ ಹೆಸರನ್ನು ಲಕೋಟೆಯ ಮೇಲೆ ಕಸ್ತೂರಿ ಬರೆದಿದ್ದಾಳೆ. ನನ್ನದಕ್ಕಿಂತ ಅವಳ ಅಕ್ಷರ ದುಂಡಗಿದೆ. ದೀಪಾವಳಿಗೆ ನಾನು ಬರೆದದ್ದು ಲಕೋಟೆ ಒಡೆಯದೆ ವಾಪಸು ಬಂತು. ಅದರ ಹಿಂಬದಿಗೆ ಅಪ್ಪನ ಅಕ್ಷರದಲ್ಲಿ "ಈ ಹೆಸರಿನವರು ಇಲ್ಲಿ ಇಲ್ಲ" ಎಂದಿತ್ತು. ಅವ್ವನ ಹೆಸರಿಗೆ ಹಾಕಿದ್ದೆ.

ನಿನ್ನ ಭಾವನವರು ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದರು. ನಿನ್ನ ಕಾಗದವನ್ನು ಅವರ ತಾಟಿನ ಪಕ್ಕದಲ್ಲಿಟ್ಟೆ. ಓದಿದರು. ರೊಟ್ಟಿ ಮುರಿಯದೆ ಎದ್ದು ಹೋಗಿ ಗಿರಣಿಯ ಹಿಂದಿನ ಕೋಣೆ ಕಸ ಹೊಡೆಸಿದರು. ಅದಕ್ಕೆ ಎರಡು ಕಿಟಕಿ ಇವೆ, ಬಾಗಿಲಿಗೆ ಒಳಗಿನ ಅಗಳಿ ಮಾತ್ರ ಇದೆ, ಹೊರಗಿನದನ್ನು ತೆಗೆಸಿದ್ದಾರೆ. ಬರುವುದಾದರೆ ಬಾ, ಫಕೀರವ್ವ ಅತ್ತೆಯನ್ನೂ ಕರೆದುಕೊಂಡು ಬಾ. ಬರಲಾರೆ ಎನಿಸಿದರೆ ಬರಬೇಡ, ಅದೂ ನಿನ್ನ ಮಾತೇ.

ಇನ್ನು ಅಪ್ಪ. ನನಗೆ ಅವರ ಮೇಲೆ ಸಿಟ್ಟು ಉಳಿದಿಲ್ಲ, ಹೇಸಿಗೆ ಮಾತ್ರ ಉಳಿದಿದೆ. ಸಿಟ್ಟು ಒಂದು ದಿನ ಇಳಿಯುತ್ತದೆ, ಇದು ಇಳಿಯುವ ಹಾಗೆ ಕಾಣುವುದಿಲ್ಲ. ಹಾಗೆಂದು ಸುಮ್ಮನೆ ಕುಳಿತರೆ ಕೊಪ್ಪಳದ ಆಚೆ ಯಾವುದೋ ಮನೆಯಲ್ಲಿ ಒಬ್ಬ ಹುಡುಗಿ ನಮ್ಮ ಹೊಲಸು ತಿಳಿಯದೆ ನಮ್ಮವರಿಗೆ ಅವಲಕ್ಕಿ ಹಚ್ಚುತ್ತಿರುತ್ತಾಳೆ.

ಕಾಕಾ ಹೋಗಿ ಬಂದ ಊರು ಯಾವುದು, ಹುಡುಗಿಯ ತಂದೆಯ ಹೆಸರೇನು ಎಂದು ತಿಳಿದುಕೊ. ಇದರ ಜೊತೆ ಒಂದು ಖಾಲಿ ಕಾರ್ಡು ಇಟ್ಟಿದ್ದೇನೆ. ನನ್ನ ಸಹಿಯನ್ನು ಕೆಳಗೆ ಬಲಗಡೆ ಮಾಡಿದ್ದೇನೆ, ಎಡಗಡೆ ನಿನಗೆ ಜಾಗ ಬಿಟ್ಟಿದ್ದೇನೆ. ಮೇಲಿನದನ್ನು ನೀನೇ ಬರೆ. ಈ ಸಲ ಇಬ್ಬರದೂ ಒಂದೇ ಕಾರ್ಡು.

ನಿನ್ನ ಅಕ್ಕ
ನೀಲವ್ವ